ನನ್ನ ಎದೆಯ ಮೇಲಿನ ಮೂರು ಚುಕ್ಕೆ

ಪೋಸ್ಟ್ ಉದ್ದ ಇದೆ, ಬಿಡುವಿದ್ದಾಗ ಓದಿ. ಹೆಣ್ಣುಮಕ್ಕಳು ಓದಲೇಬೇಕು, ಗಂಡಸರು ಓದಿದ್ರೆ ಇನ್ನೂ ಒಳ್ಳೇದು.

ಹೋದ ವಾರ ಆಫೀಸಿನಲ್ಲಿ ಆವಕ-ಜಾವಕ ಟೇಬಲ್ ಮೇಲೆ ಟಪಾಲು ನೋಂದಾಯಿಸ್ತಾ ಕೂತಿದ್ದೆ. ಹೊಸದಾಗಿ ಬಂದಿರೋ ಅಟೆಂಡರ್ ಹುಡುಗಿ ಹತ್ತಿರ ಬಂದು ಮೆತ್ತಗೆ, "ಮೇಡಂ, ಕೊರಳ ಕೆಳಗ ಇಂಕ್ ಹತ್ತೈತಿ ನೋಡ್ರಿ" ಅಂದಳು. ಸೀಲ್ ಪ್ಯಾಡಿನ ಮಸಿ ಅಂದ್ಕೊಂಡಿದ್ದಳು ಪಾಪ. ತನ್ನ ಕರ್ಚೀಫು ಕೊಡೋಕೂ ಬಂದಳು. "ಅದು ಹೋಗಲ್ಲವ್ವ, ಒಳಗೇ ಐತಿ" ಅಂದೆ. ಅವಳಿಗೆ ಅರ್ಥ ಆಗಲಿಲ್ಲ. ಅವತ್ತು ಹೇಳೋಕೆ ನನಗೂ ಆಗಲಿಲ್ಲ. ಅದಕ್ಕೇ ಇಲ್ಲಿ ಹೇಳ್ತಿದೀನಿ.

ನನ್ನ ಎಡ ಎದೆಯಲ್ಲಿ ಗಡ್ಡೆ ಕಂಡದ್ದು 2019ರಲ್ಲಿ. ಆಪರೇಷನ್ ಆಯ್ತು, ಕೀಮೋ ಆಯ್ತು, ಆಮೇಲೆ ರೇಡಿಯೇಷನ್. ನಮ್ಮ ಕಡೆ ಜನ ಅದನ್ನ "ಕರೆಂಟ್ ಕೊಡೋದು" ಅಂತಾರೆ. ಆ ಕರೆಂಟಿಗೆ ಮುಂಚೆ ನನ್ನ ಮೈಮೇಲೆ ಮೂರು ಚುಕ್ಕೆ ಹಾಕಿದ್ರು. ಒಂದು ಎರಡೂ ಮೊಲೆಗಳ ನಡುವೆ, ಎದೆಮೂಳೆ ಮೇಲೆ. ಇನ್ನೆರಡು ಕಂಕುಳ ಕೆಳಗೆ, ಎಡಕ್ಕೊಂದು ಬಲಕ್ಕೊಂದು. ಒಂದೊಂದೂ ಗುಂಡುಪಿನ್ನಿನ ತಲೆಯಷ್ಟು. ಸೂಜಿಯಿಂದ ಚುಚ್ಚಿ ಕಪ್ಪು ಮಸಿ ಇಳಿಸಿದ್ದು. ಹಚ್ಚೆನೇ ಅದು. ಸಾಯೋತನಕ ಇರತ್ತೆ.

ಹೇಗೆ ಹಾಕಿದ್ರು ಅನ್ನೋದನ್ನ ಹೇಳಬೇಕು. ಬೆಂಗಳೂರಿನ ಒಂದು ಆಸ್ಪತ್ರೆ. ಹೆಸರು ಬೇಡ. ತಣ್ಣಗಿನ ಕೋಣೆ. ಸೊಂಟದಿಂದ ಮೇಲೆ ಬಟ್ಟೆ ಇಲ್ಲ, ಎರಡೂ ಕೈ ತಲೆ ಮೇಲೆ. ಗೋಡೆಯಿಂದ ಬೆಳಕಿನ ಗೆರೆಗಳು ಬಂದು ನನ್ನ ಮೈಮೇಲೆ ಬಿದ್ದಿದ್ದವು. ಸ್ಕ್ಯಾನ್ ಮಾಡಿದ್ರು. ಆಮೇಲೆ ಸಡನ್ನಾಗಿ ಎದೆ ನಡುವೆ ಚುಳ್ ಅಂತು. "ಏನ್ರೀ ಅದು?" ಅಂದೆ. "ಅಲ್ಲಾಡಬೇಡಿ" ಅಂದ್ರು. ಪಕ್ಕಕ್ಕೆ ಇನ್ನೊಂದು ಚುಳ್. ಅಲ್ಲಿದ್ದ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ, "ಇವರ ಬಣ್ಣಕ್ಕೆ ಕಾಣ್ತಾನೇ ಇಲ್ಲ, ಸ್ವಲ್ಪ ದೊಡ್ಡದಾಗೇ ಹಾಕು" ಅಂದ. ನನ್ನ ಹತ್ತಿರ ಅಲ್ಲ, ನನ್ನ ಮೇಲಿಂದ ಅವನಿಗೆ ಹೇಳಿದ್ದು. ನಾನು ಮಂಚದ ಮೇಲಿದ್ದೆ, ಆದ್ರೆ ಆ ಮಾತಿನಲ್ಲಿ ಇರಲಿಲ್ಲ.

ರೂಮಿಗೆ ಬಂದು ಕನ್ನಡಿ ಮುಂದೆ ಸೋಪು ಹಚ್ಚಿ ಉಜ್ಜಿದೆ. ಹೋಗಲಿಲ್ಲ. ಆಮೇಲೆ ನೆನಪಾಯ್ತು, ಬೆಳಿಗ್ಗೆ ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆಗೆ ಸಹಿ ಹಾಕಿದ್ದೆ. ಓದಿರಲಿಲ್ಲ. ಕೌಂಟರಿಗೆ ಬಂದವರಿಗೆಲ್ಲ "ಓದಿ ಸಹಿ ಮಾಡ್ರಿ" ಅಂತ ದಿನಾ ಹೇಳೋಳು ನಾನು. ಆವತ್ತು ಹೆದರಿಕೆಯಲ್ಲಿ ಸುಮ್ಮನೆ ಸಹಿ ಹಾಕಿಬಿಟ್ಟಿದ್ದೆ.

ಆ ಚುಕ್ಕೆ ಯಾಕೆ ಅಂತ ತಿಳಿದದ್ದು ನಾಲ್ಕನೇ ದಿನ. ಮಷಿನ್ ನಡೆಸೋ ಒಬ್ಬ ಚಿಕ್ಕ ಹುಡುಗಿ, ನಾನು ಕೇಳಿದ್ದಕ್ಕೆ ನಿಂತು ಹೇಳಿದಳು. ದಿನಾ ಒಂದೇ ಜಾಗಕ್ಕೆ ಕಿರಣ ಬೀಳಬೇಕು. ನಾನು ದಿನಾ ಒಂದೇ ಥರ ಮಲಗೋಕೆ ಆಗಲ್ಲ, ಒಂದು ದಿನ ಸ್ವಲ್ಪ ಮೇಲೆ, ಒಂದು ದಿನ ಸ್ವಲ್ಪ ಓರೆ. ಗೋಡೆಯ ಬೆಳಕಿನ ಗೆರೆಗಳು ನನ್ನ ಮೂರು ಚುಕ್ಕೆ ಮೇಲೆ ಸರಿಯಾಗಿ ಬಂದು ಕೂತ್ರೆ ನಾನು ಸ್ಕ್ಯಾನ್ ದಿನ ಮಲಗಿದ ಹಾಗೇ ಮಲಗಿದೀನಿ ಅಂತ ಲೆಕ್ಕ. ತಪ್ಪಿದ್ರೆ ಗಡ್ಡೆ ಇದ್ದ ಜಾಗ ಬಿಟ್ಟುಹೋಗಬಹುದು. ಎಡ ಎದೆ ಆದ್ರಿಂದ ಕೆಳಗೇ ಹೃದಯ ಇದೆ, ಅದಕ್ಕೆ ಬೇಡದ ಕಿರಣ ಬೀಳಬಹುದು. ಮುಂದೆ ಎಂದಾದ್ರೂ ಮತ್ತೆ ಕರೆಂಟ್ ಬೇಕಾದ್ರೆ, ಈ ಜಾಗಕ್ಕೆ ಆಗಲೇ ಕೊಟ್ಟಾಗಿದೆ ಅನ್ನೋ ದಾಖಲೆಯಾಗಿಯೂ ಚುಕ್ಕೆ ಕೆಲಸಕ್ಕೆ ಬರತ್ತೆ. ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕೋದೂ ಉಂಟು. ಆದ್ರೆ ಬೆವರಿಗೆ ಅಳಿಸತ್ತೆ, ಅಳಿಸದಿರಲಿ ಅಂತ ಅಷ್ಟೂ ದಿನ ಸ್ನಾನ ಮಾಡೋಕೆ ಹೆದರಬೇಕು.

ಎರಡು ನಿಮಿಷದ ಮಾತು. ಮೊದಲ ದಿನವೇ ಇದನ್ನ ಹೇಳಿದ್ರೆ ನಾನೇ "ಹಾಕಿ" ಅಂತಿದ್ದೆ. ನನ್ನ ತಕರಾರು ಚುಕ್ಕೆ ಹಾಕಿದ್ದಕ್ಕಲ್ಲ. ಹೇಳದೆ ಹಾಕಿದ್ದಕ್ಕೆ.

"ಇಷ್ಟು ಸಣ್ಣ ಚುಕ್ಕೆಗೆ ಇಷ್ಟು ದೊಡ್ಡ ರಾದ್ಧಾಂತ ಯಾಕೆ ಅಕ್ಕಾ, ಜೀವ ಉಳೀತಲ್ಲ" ಅಂತ ನಮ್ಮ ಸಂಘಟನೆಯ ಒಬ್ಬ ತಮ್ಮನೇ ಕೇಳಿದ. ಅವನಿಗೆ ಉತ್ತರ ಕೊಡೋಕೆ ಇತಿಹಾಸಕ್ಕೆ ಹೋಗಬೇಕು. ನಮ್ಮ ಮೈಮೇಲೆ ಬೇರೆಯವರು ಗುರುತು ಹಾಕಿದ್ದು ಇದೇ ಮೊದಲಲ್ಲ.

ನನ್ನ ಅಜ್ಜಿಯ ಅಕ್ಕ ಬಸವಿ. ಕೂಡ್ಲಿಗಿ ಕಡೆಯ ಊರು ನಮ್ಮದು, ಈಗ ವಿಜಯನಗರ ಜಿಲ್ಲೆ, ಆಗ ಬಳ್ಳಾರಿ. ಗಂಡು ಸಂತಾನ ಇಲ್ಲ ಅಂತ ಅವಳನ್ನ ದೇವರಿಗೆ ಬಿಟ್ಟಿದ್ರು. ನಾನು ಚಿಕ್ಕೋಳಿದ್ದಾಗ ಅವಳ ತೋಳಿನ ಮೇಲೆ ಸುಟ್ಟ ಗಾಯದ ಥರ ದುಂಡನೆ ಗುರುತು ನೋಡಿದ್ದೆ. "ಏನಜ್ಜಿ ಇದು?" ಅಂದ್ರೆ "ಮುದ್ರಿ" ಅಂತಿದ್ದಳು, ಅಷ್ಟೇ. ಸೆರಗು ಎಳ್ಕೊಳ್ತಿದ್ದಳು. ಬಿ.ಎ. ಓದುವಾಗ ಲೈಬ್ರರಿಯಲ್ಲಿ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಪುಸ್ತಕ ಸಿಕ್ತು. ಬಸವಿ ಬಿಡೋ ಶಾಸ್ತ್ರ ಅದರಲ್ಲಿದೆ. ಹಿತ್ತಾಳೆ ಅಚ್ಚು ಕಾಯಿಸಿ ಬಲ ಭುಜಕ್ಕೆ ಚಕ್ರ, ಎಡ ಭುಜಕ್ಕೆ ಶಂಖ, ಮತ್ತೆ ಎಡ ಎದೆಯ ಮೇಲೆ ಇನ್ನೊಂದು ಚಕ್ರ. ಆ ಎದೆ ಮುದ್ರೆ, ಗಂಡಸಿನ ಸಂಗ ಕಾಣದ ಹುಡುಗಿಗೆ ಮಾತ್ರ. ಓದಿ ಪುಸ್ತಕ ಮುಚ್ಚಿಟ್ಟೆ. ಅಜ್ಜಿ ಸೆರಗು ಎಳ್ಕೊಳ್ತಿದ್ದದ್ದು ತೋಳು ಮುಚ್ಚೋಕೆ ಮಾತ್ರ ಅಲ್ಲವೇನೋ ಅಂತ ಅವತ್ತು ಅನ್ನಿಸ್ತು. ಕೇಳೋಕೆ ಅವಳಿರಲಿಲ್ಲ.

ನನ್ನ ಮೇಜಿನ ಮೇಲೂ ಒಂದು ಮುದ್ರೆ ಇದೆ, ಕಚೇರಿಯದ್ದು. ಅದನ್ನ ಕಾಗದದ ಮೇಲೆ ಒತ್ತಿದ್ರೆ ಏನರ್ಥ? ಈ ಕಾಗದ ಇನ್ನು ಈ ಕಚೇರಿಯದ್ದು ಅಂತ. ಒತ್ತೋ ಮುಂಚೆ ಕಾಗದವನ್ನ ಯಾರೂ ಕೇಳಲ್ಲ.

ಇದು ದೇವರ ಹೆಸರಿನ ಮುದ್ರೆ ಆಯ್ತು. ಸರ್ಕಾರದ್ದೂ ಇತ್ತು. ಕಂಪನಿ ಸರ್ಕಾರ ಬಂಗಾಳದಲ್ಲಿ 1797ರಲ್ಲಿ ಒಂದು ರೆಗ್ಯುಲೇಷನ್ ತಂದು, ಜೀವಾವಧಿ ಶಿಕ್ಷೆಯಾದ ಕೈದಿಗಳ ಹಣೆ ಮೇಲೆ ಅವರ ಅಪರಾಧವನ್ನ ಹಚ್ಚೆಯಾಗಿ ಚುಚ್ಚಿಸಿತು. ಗೋದ್ನಾ ಅಂತಾರೆ ಅದಕ್ಕೆ. ಓಡಿಹೋದ್ರೂ ಹಣೆ ಹೇಳತ್ತಲ್ಲ. ಅದನ್ನ ರದ್ದು ಮಾಡಿದ್ದು 1849ರಲ್ಲಿ. ಅರ್ಧ ಶತಮಾನ ನಡೀತು.

ಇನ್ನು ಎದೆಯ ವಿಚಾರ. ನಂಗೇಲಿ ಕಥೆ ನಮ್ಮ ಗುಂಪುಗಳಲ್ಲಿ ಪ್ರತಿ ವರ್ಷ ಬರತ್ತೆ. ಅದು ಜನ ಬಾಯಿಂದ ಬಾಯಿಗೆ ಉಳಿಸ್ಕೊಂಡು ಬಂದ ಕಥೆ, ಅದರ ಬೆಲೆ ಅದಕ್ಕಿದೆ. ಆದ್ರೆ ವಾದಕ್ಕೆ ನಿಂತಾಗ ದಾಖಲೆ ಇರೋದನ್ನೇ ಹಿಡೀರಿ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚೋ ಹಕ್ಕಿಗಾಗಿ ದಶಕಗಟ್ಟಲೆ ಬಡಿದಾಡಿದ್ರು. ರವಿಕೆ ಹಾಕಿದ್ದಕ್ಕೆ ಬೀದಿಯಲ್ಲಿ ಹರಿದುಹಾಕಿದ್ರು. ಕೊನೆಗೆ 1859ರಲ್ಲಿ ರಾಜಾಜ್ಞೆ ಬಂತು. ಅದರಲ್ಲೂ ಒಂದು ಕೊಕ್ಕೆ, ಮುಚ್ಚಿಕೊಳ್ಳಿ, ಆದ್ರೆ ಮೇಲ್ಜಾತಿಯ ಹೆಂಗಸರ ಹಾಗೆ ಮುಚ್ಚಿಕೊಳ್ಳಬೇಡಿ ಅಂತ. ಅಂದ್ರೆ ಬಟ್ಟೆ ಇದ್ದರೂ ಜಾತಿ ಕಾಣಬೇಕು.

ಇದೆಲ್ಲ ಹೊತ್ತ ಮೈ ನಮ್ಮದು. ಆ ಮೈಗೆ ಹೇಳದೆ ಸೂಜಿ ಚುಚ್ಚಿ, ಬಣ್ಣದ ಮಾತಾಡಿದ್ರೆ ಅದು ಬರೀ ಚುಕ್ಕೆ ಆಗಿ ಉಳಿಯಲ್ಲ ತಮ್ಮಾ. ಅಜ್ಜಿಯ ಮುದ್ರಿ ಬಂದು ಪಕ್ಕದಲ್ಲಿ ನಿಲ್ಲತ್ತೆ.

ಬಣ್ಣದ ವಿಚಾರ ಇನ್ನೂ ಇದೆ. ಎರಡನೇ ವಾರಕ್ಕೆ ನನ್ನ ಎದೆ ಚರ್ಮ ಸುಟ್ಟ ಬದನೆಕಾಯಿ ಥರ ಆಯ್ತು. ಕೆಳಗಿನ ಮಡಿಕೆಯಲ್ಲಿ ಸುಲಿಯೋಕೆ ಶುರುವಾಯ್ತು. ಅಲ್ಲಿ ಒಬ್ಬರು ಬಂದು "ಕೆಂಪಾಗಿದೆಯಾ?" ಅಂತ ಕೇಳಿ, ನೋಡಿ, "ಕೆಂಪಿಲ್ಲ" ಅಂತ ಬರ್ಕೊಂಡು ಹೋದ್ರು. ಕಪ್ಪು ಚರ್ಮ ಎಲ್ಲಿ ಕೆಂಪಾಗತ್ತೆ? ನಮ್ಮದು ಇನ್ನೂ ಕಪ್ಪಾಗತ್ತೆ, ಬಿಸಿಯಾಗತ್ತೆ, ಬಿಗಿಯಾಗತ್ತೆ, ಉರೀತದೆ. ಆ ಫಾರಂನಲ್ಲಿ ಉರಿಗೆ ಕಾಲಂ ಇರಲಿಲ್ಲ.

ಇದರ ಬೇರು ಹುಡುಕಿದೆ. ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡೇ ತಿಂಗಳಿಗೆ, 1896ರ ಜನವರಿಯಲ್ಲಿ, ಶಿಕಾಗೋದ ಎಮಿಲ್ ಗ್ರಬ್ಬೆ ಅನ್ನೋನು ಎದೆ ಕ್ಯಾನ್ಸರಿನ ಹೆಂಗಸಿಗೆ ಆ ಕಿರಣ ಹಾಯಿಸಿದೆ ಅಂತ ತಾನೇ ಹೇಳ್ಕೊಂಡಿದಾನೆ. ಅಂದ್ರೆ ರೇಡಿಯೇಷನ್ ಚಿಕಿತ್ಸೆಯ ಕಥೆ ಶುರುವಾಗೋದೇ ಒಬ್ಬ ಹೆಂಗಸಿನ ಎದೆಯಿಂದ. ಆಗ ಎಷ್ಟು ಕಿರಣ ಕೊಟ್ವಿ ಅಂತ ಅಳೆಯೋ ಸರಿಯಾದ ಮಾನ ಇರಲಿಲ್ಲ. ಚರ್ಮವೇ ಮೀಟರು. ಚರ್ಮ ಕೆಂಪಾಗೋಷ್ಟು ಕೊಟ್ರೆ ಒಂದು ಡೋಸು ಅಂತ ಲೆಕ್ಕ. 1928ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಸಮ್ಮೇಳನ 'ರಾಂಟ್‌ಜನ್' ಅನ್ನೋ ಮಾನವನ್ನ ಒಪ್ಪೋ ತನಕ ಇದೇ ನಡೀತು. ಕೆಂಪಾಗೋ ಚರ್ಮ ಯಾರದ್ದು? ಬಿಳಿಯರದ್ದು. ಮೀಟರು ಬದಲಾಯ್ತು, ಕಣ್ಣಿನ ಅಭ್ಯಾಸ ಉಳೀತು. ಅದಕ್ಕೇ ಹೇಳ್ತಿದೀನಿ, ಕರೆಂಟ್ ತಗೊಳ್ತಿರೋ ಕಪ್ಪು ಮೈಯ ಅಕ್ಕ-ತಂಗಿಯರೇ, ಕೆಂಪಾಗಲಿ ಅಂತ ಕಾಯಬೇಡಿ. ಕಪ್ಪು ಗಾಢ ಆದ್ರೆ, ಬಿಸಿ ಆದ್ರೆ, ನೀರಾಡಿದ್ರೆ ಅವತ್ತೇ ಹೇಳಿ.

ಹಾಗಂತ ಈ ವೈದ್ಯ ನಮ್ಮ ಶತ್ರು ಅಲ್ಲ. ನನ್ನ ಎದೆ ಉಳಿದದ್ದೇ ಅದರಿಂದ. ಒಂದು ಕಾಲದಲ್ಲಿ ಗಡ್ಡೆ ಸಣ್ಣದಿರಲಿ ದೊಡ್ಡದಿರಲಿ, ಇಡೀ ಎದೆ, ಕೆಳಗಿನ ಮಾಂಸ, ಕಂಕುಳ ಗಂಟು ಎಲ್ಲ ಕೆತ್ತಿ ತೆಗೀತಿದ್ರು. ಅಮೆರಿಕದ ಹಾಲ್‌ಸ್ಟೆಡ್ ಹಾಕಿಕೊಟ್ಟ ದಾರಿ ಅದು. ಗಡ್ಡೆ ಮಾತ್ರ ತೆಗೆದು ಉಳಿದದ್ದಕ್ಕೆ ಕಿರಣ ಕೊಟ್ರೂ ಹೆಂಗಸರು ಅಷ್ಟೇ ವರ್ಷ ಬದುಕ್ತಾರೆ ಅಂತ ಮಿಲಾನಿನ ವೆರೊನೇಸಿ 1981ರಲ್ಲಿ, ಅಮೆರಿಕದ ಬರ್ನಾರ್ಡ್ ಫಿಶರ್ 1985ರಲ್ಲಿ ಲೆಕ್ಕ ಸಮೇತ ತೋರಿಸಿದ್ರು. ಆ ಲೆಕ್ಕ ಬಂದದ್ದು ಚೀಟಿ ಎತ್ತಿದ ಹಾಗೆ ಯಾವ ಚಿಕಿತ್ಸೆ ಬಂದ್ರೂ ಸರಿ ಅಂತ ಒಪ್ಪಿಕೊಂಡ ಸಾವಿರಾರು ಹೆಂಗಸರಿಂದ. ಅವರ ಋಣ ನನ್ನ ಮೇಲಿದೆ.

ಇನ್ನೊಬ್ಬರ ಋಣ ಇದಕ್ಕಿಂತ ಹತ್ತಿರದ್ದು. ಡಾ. ಮುತ್ತುಲಕ್ಷ್ಮಿ ರೆಡ್ಡಿ. 1886ರಲ್ಲಿ ಪುದುಕೋಟೆಯಲ್ಲಿ ಹುಟ್ಟಿದವರು. ತಾಯಿ ದೇವದಾಸಿ ಸಮುದಾಯದವರು. 1912ರಲ್ಲಿ ಮದ್ರಾಸಿನಲ್ಲಿ ಡಾಕ್ಟರಾದ್ರು, 1927ರಲ್ಲಿ ಮದ್ರಾಸ್ ಶಾಸನ ಸಭೆಗೆ ಹೋದ್ರು, ದೇವದಾಸಿ ಪದ್ಧತಿ ನಿಲ್ಲಬೇಕು ಅಂತ ಮಸೂದೆ ಹಿಡ್ಕೊಂಡು ನಿಂತ್ರು. ಕಾನೂನು ಆದದ್ದು 1947ರಲ್ಲಿ. ಆಗ ನಮ್ಮ ಬಳ್ಳಾರಿ ಮದ್ರಾಸಿಗೇ ಸೇರಿತ್ತು, ಮೈಸೂರಿಗೆ ಬಂದದ್ದು 1953ರಲ್ಲಿ. ಅಂದ್ರೆ ಕಾಯಿಸಿದ ಅಚ್ಚಿನಿಂದ ನಮ್ಮ ಹುಡುಗಿಯರನ್ನ ಬಿಡಿಸೋಕೆ ಬಂದ ಮೊದಲ ಕಾಯ್ದೆಗಳಲ್ಲಿ ಅವರ ಕೈ ಇದೆ. ಅದೇ ಹೆಂಗಸು, ತಂಗಿಯನ್ನ ಕ್ಯಾನ್ಸರಿಗೆ ಕಳಕೊಂಡ ನೋವಲ್ಲಿ, 1954ರಲ್ಲಿ ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಶುರುವಾಗೋ ಹಾಗೆ ಮಾಡಿದ್ರು. ಒಂದು ಕೈಯಲ್ಲಿ ಮುದ್ರೆ ಬಿಡಿಸೋ ಕೆಲಸ, ಇನ್ನೊಂದು ಕೈಯಲ್ಲಿ ಗಡ್ಡೆ ಬಿಡಿಸೋ ಕೆಲಸ. ಎರಡೂ ಒಂದೇ ಕೆಲಸ ಅಂತ ನನಗನ್ನಿಸತ್ತೆ. ಹೆಂಗಸಿನ ಮೈ ಅವಳದ್ದೇ ಅಂತ ಹೇಳೋದು. ಕಾನೂನಾದ ಮೇಲೂ ಪದ್ಧತಿ ನಿಲ್ಲಲಿಲ್ಲ, ಕರ್ನಾಟಕ ಮತ್ತೆ 1982ರಲ್ಲಿ ಕಾಯ್ದೆ ತರಬೇಕಾಯ್ತು, ಅದು ನಿಮಗೆಲ್ಲ ಗೊತ್ತಿರೋ ಕಥೆ.

ಈಗ ನನ್ನ ಅವ್ವನ ವಿಚಾರ. ಅವಳ ಮುಂಗೈ ತುಂಬ ಹಚ್ಚೆ ಇತ್ತು. ತೇರು, ತೊಟ್ಟಿಲು, ಚೇಳು, ತೌರಿನ ಅಣ್ಣನ ಹೆಸರು. ಕೊರಚರ ಹೆಣ್ಣುಮಗಳು ಸೂಜಿ ತಗೊಂಡು ಬಂದಾಗ ಜೋಳ ಅಳೆದು ಕೊಟ್ಟು, ಹಾಡು ಹೇಳಿಸ್ಕೊಂಡು ಹಾಕಿಸ್ಕೊಂಡಿದ್ದಂತೆ. "ಸತ್ತಾಗ ಬಂಗಾರ ಬಿಚ್ಕೋತಾರ, ಹಚ್ಚಿ ಯಾರೂ ಬಿಚ್ಕೊಳ್ಳಾಕ ಆಗಂಗಿಲ್ಲ" ಅಂತಿದ್ದಳು. ಆ ಹಚ್ಚೆ ಹಾಕೋ ಕೊರಚರನ್ನ ಇದೇ ಮದ್ರಾಸ್ ಸರ್ಕಾರ ಅಪರಾಧಿ ಬುಡಕಟ್ಟು ಅಂತ ಪಟ್ಟಿಗೆ ಸೇರಿಸಿತ್ತು. 1871ರ ಕಾಯ್ದೆಯನ್ನ 1911ರಲ್ಲಿ ಬಿಗಿ ಮಾಡಿ ಮದ್ರಾಸಿಗೂ ತಂದ್ರು, ಪೊಲೀಸರು ಬೆರಳಚ್ಚು ತಗೊಂಡು ರಿಜಿಸ್ಟರಿನಲ್ಲಿ ಇಟ್ಕೊಳ್ಳಬಹುದಿತ್ತು. ಇಡೀ ದೇಶದಲ್ಲಿ ಆ ಕಾಯ್ದೆ ಹೋದದ್ದು 1952ರಲ್ಲಿ. ನಮ್ಮ ಕೇರಿಯ ಹೆಂಗಸರಿಗೆ ಚೆಂದದ ಗುರುತು ಹಾಕಿದವರ ಬೆರಳಿಗೇ ಸರ್ಕಾರ ಮಸಿ ಮೆತ್ತಿತ್ತು.

ನಾನು ಹಚ್ಚೆ ಹಾಕಿಸ್ಕೊಳ್ಳಲಿಲ್ಲ. ಕಾಲೇಜಿಗೆ ಬಂದಾಗ ಬಾಬಾಸಾಹೇಬರನ್ನ ಓದಿದ್ದೆ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅವರು ನಮ್ಮ ಹೆಣ್ಣುಮಕ್ಕಳನ್ನ ಕೂರಿಸಿ ಮಾತಾಡಿದ್ರು. ನೀವು ಸೀರೆ ಉಡೋ ರೀತಿ, ಕೈ-ಕೊರಳಿಗೆ ಹೇರಿಕೊಳ್ಳೋ ಒಡವೆ, ಇವು ಅಸ್ಪೃಶ್ಯರು ಅಂತ ದೂರದಿಂದಲೇ ಗುರುತಿಸೋ ಚಿಹ್ನೆ, ಬಿಡಿ ಅಂದ್ರು. ಹೆಂಗಸರು ಮರುದಿನವೇ ಸೀರೆ ಉಡೋ ರೀತಿ ಬದಲಿಸಿದ್ರು. ಹಚ್ಚೆ ಬಗ್ಗೆ ಅಲ್ಲ ಆ ಮಾತು, ನಾನು ಹಚ್ಚೆಗೂ ಅನ್ವಯಿಸ್ಕೊಂಡೆ. ಅವ್ವ "ಒಂದು ಚುಕ್ಕಿನಾದ್ರೂ ಹಾಕಿಸ್ಕೋ" ಅಂತ ಬೇಡಿಕೊಂಡಳು. ನನ್ನ ಮೈಮೇಲೆ ಯಾವ ಗುರುತೂ ಬೇಡ ಅಂತ ಜಗಳ ಆಡಿದ್ದೆ. ಇಪ್ಪತ್ತು ವರ್ಷ ಆದ ಮೇಲೆ ಮೂರು ಚುಕ್ಕೆ ಬಂತು. ನೋಡೋಕೆ ಅವ್ವ ಇರಲಿಲ್ಲ.

ಛತ್ತೀಸಗಢದಲ್ಲಿ ರಾಮನಾಮಿಗಳು ಅಂತ ಇದಾರೆ, ನಮ್ಮಂಥ ದಲಿತರೇ. ಗುಡಿ ಒಳಗೆ ಬಿಡಲಿಲ್ಲ ಅಂತ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮೈತುಂಬ ರಾಮನ ಹೆಸರು ಹಚ್ಚೆ ಹಾಕಿಸ್ಕೊಂಡು ಬಂದವರು. ನಾನು ಆ ದಾರಿಯವಳಲ್ಲ. ಆದ್ರೆ ಅವರಿಂದ ಒಂದು ಕಲಿತೆ. ಗುರುತು ಕೆಟ್ಟದ್ದಲ್ಲ. ಯಾರು ಹಾಕಿದ್ರು, ಯಾಕೆ ಹಾಕಿದ್ರು, ಹಾಕೋ ಮುಂಚೆ ನನ್ನ ಬಾಯಿಂದ "ಹೂಂ" ಬಂತಾ, ಇಷ್ಟೇ ಪ್ರಶ್ನೆ.

ಕೆಲವರು ಕೇಳ್ತಾರೆ, ತೆಗೆಸ್ಕೊಳ್ಳಬಹುದಲ್ಲ ಅಂತ. ಚಿಕಿತ್ಸೆ ಮುಗಿದ ಮೇಲೆ ಡಾಕ್ಟರನ್ನ ಕೇಳಿ ಲೇಸರಿನಲ್ಲಿ ತೆಗೆಸ್ಕೊಂಡವರು ಇದಾರೆ. ಮೇಲೆ ಹಚ್ಚೆ ಹಾಕಿಸಿ ಹೂವು ಮಾಡ್ಕೊಂಡವರೂ ಇದಾರೆ. ತೆಗೆಸ್ಕೊಳ್ಳೋದು ಅವರ ಹಕ್ಕು, ಅದರಲ್ಲಿ ಹೇಡಿತನ ಏನಿಲ್ಲ. ಕ್ಯಾಮೆರಾದಿಂದ ಮೈಯ ಆಕಾರ ನೋಡಿ ಚುಕ್ಕೆಯೇ ಇಲ್ಲದೆ ಕಿರಣ ಕೊಡೋ ವ್ಯವಸ್ಥೆಯೂ ಬಂದಿದೆ, ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ. ಅದು ಬಡವರ ಸಾಲಿಗೆ ಯಾವಾಗ ಬರತ್ತೋ.

ನಾನು ಉಳಿಸ್ಕೊಂಡಿದೀನಿ. ಮೊದಲ ಎರಡು ವರ್ಷ ಕುತ್ತಿಗೆತನಕ ಬರೋ ರವಿಕೆ ಹೊಲಿಸಿದೆ. ಸೆಖೆಯಲ್ಲೂ ಸೆರಗು ಪಿನ್ನು ಹಾಕಿ ಬಿಗಿದೆ. ಸ್ನಾನಕ್ಕೆ ಹೋದ್ರೆ ಕನ್ನಡಿಗೆ ಟವೆಲ್ ಹಾಕ್ತಿದ್ದೆ. ಒಂದು ದಿನ ಎಲ್ಲೋ ಓದಿದೆ, ಆಸ್ಪತ್ರೆಯಲ್ಲಿ ಬಳಸೋ ಇಂಡಿಯನ್ ಇಂಕ್ ಅಂದ್ರೆ ಮಸಿಯೇ, ದೀಪದ ಕಾಡಿಗೆಯಂಥ ಇಂಗಾಲ. ಕೊರಚರ ಹೆಣ್ಣುಮಗಳು ಅವ್ವನ ಕೈಗೆ ಚುಚ್ಚಿದ್ದೂ ದೀಪದ ಮಸಿಯನ್ನ ಸೊಪ್ಪಿನ ರಸದಲ್ಲಿ ಕಲಸಿ. ಅವತ್ತು ರಾತ್ರಿ ಕನ್ನಡಿ ಟವೆಲ್ ತೆಗೆದೆ. ನೋಡಿದೆ. ಅಜ್ಜಿಯ ಮುದ್ರಿ ಇರೋ ಜಾಗ ಅದು, ಅವ್ವನ ಹಚ್ಚೆಯ ಮಸಿ ಅದು. ಮುದ್ರಿ ಅಂತ ನೋಡಬೇಕಾ, ಹಚ್ಚೆ ಅಂತ ನೋಡಬೇಕಾ, ಅದನ್ನ ತೀರ್ಮಾನ ಮಾಡೋಳು ನಾನು. ಹಚ್ಚೆ ಅಂತಲೇ ಇಟ್ಕೊಂಡಿದೀನಿ. ಎಲ್ಲಾ ದಿನ ಅಲ್ಲ. ಕೆಲವು ದಿನ ಈಗಲೂ ಟವೆಲ್ ಹಾಕ್ತೀನಿ.

ಆದ್ರೆ ನನ್ನ ಸಮಾಧಾನದಿಂದ ಅವರ ತಪ್ಪು ಸರಿಯಾಗಲ್ಲ. ಆ ಆಸ್ಪತ್ರೆಗೆ ಅರ್ಜಿ ಕೊಟ್ಟಿದೀನಿ, ಕ್ಲರ್ಕ್ ಅಲ್ವಾ, ಅರ್ಜಿ ಬರೆಯೋದು ಬರತ್ತೆ. ಮೂರೇ ಬೇಡಿಕೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ. ಸೂಜಿ ಎತ್ತೋ ಮುಂಚೆ "ಇದು ಹಚ್ಚೆ, ಅಳಿಸಲ್ಲ, ಇದಕ್ಕಾಗಿ ಹಾಕ್ತೀವಿ" ಅಂತ ಬಾಯಿಬಿಟ್ಟು ಹೇಳಲಿ. ಮಂಚದ ಮೇಲೆ ಮಲಗಿದವರ ಬಣ್ಣದ ಬಗ್ಗೆ ಅವರ ಮೇಲಿಂದ ಮಾತಾಡೋದು ನಿಲ್ಲಲಿ. ಸ್ವೀಕೃತಿ ಸಂಖ್ಯೆ ಬಂದಿದೆ, ಉತ್ತರ ಬಂದಿಲ್ಲ. ಜ್ಞಾಪನ ಕಳಿಸಿದೀನಿ. ಮತ್ತೆ ಕಳಿಸ್ತೀನಿ.

ಅಲ್ಲಿತನಕ ನಮ್ಮ ಕಡೆಯಿಂದ ಯಾರೇ ಕರೆಂಟಿಗೆ ಹೋದ್ರೂ ಫೋನ್ ಮಾಡಿ ಹೇಳ್ತೀನಿ. ಹೋದ ತಿಂಗಳು ನಮ್ಮ ಕೇರಿಯ ಒಬ್ಬ ಅಕ್ಕ ಹೋಗಿದ್ದಳು, ಹೆಬ್ಬೆಟ್ಟು ಒತ್ತೋಳು. ಮಂಚದ ಮೇಲೆ ಮಲಗಿದವಳು ಎದ್ದು ಕೂತು, "ಮೊದ್ಲ ಏನ್ ಮಾಡ್ತೀರಿ ಹೇಳ್ರಿ, ಆಮ್ಯಾಲ ಚುಚ್ರಿ" ಅಂದಳಂತೆ. ಹೇಳಿದ್ರಂತೆ. ಇವಳು ಕೇಳಿಸ್ಕೊಂಡು "ಹೂಂ, ಹಾಕ್ರಿ" ಅಂತ ಮತ್ತೆ ಮಲಗಿದಳಂತೆ.

ನಾಳೆ ಆ ಅಟೆಂಡರ್ ಹುಡುಗಿಗೂ ಹೇಳ್ತೀನಿ, ಅದು ಸೀಲ್ ಪ್ಯಾಡಿನ ಇಂಕ್ ಅಲ್ಲ ಅಂತ.

ಜೈ ಭೀಮ್.